ಒಂದೇ ಮೀನಿನ ಊರಿಗೆ ನಾವು ಮೂವರು

ಕೋಡಿಬಾಗ

ನಾನು ಸ್ಕಾಟ್ಲೆಂಡಿಗೆ ಹೋಗಿ ಬಂದವಳು ಎಂದು ಕಾರವಾರದಲ್ಲಿ ಯಾರೂ ನನ್ನನ್ನು ತಿರುಗಿ ನೋಡುವುದಿಲ್ಲ. ನೋಡುವುದಿದ್ದರೆ ಪಾಂಡು ತಾಂಡೇಲರನ್ನು ನೋಡುತ್ತಾರೆ. ಆ ಪ್ರವಾಸದ ಕತೆಯನ್ನು ಅವರು ಬಂದರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿ ಹೇಳಿ, ಈಗ ಅದು ನಾನು ಅವರ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಹೋದೆ ಎಂಬಲ್ಲಿಗೆ ಬಂದು ನಿಂತಿದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಮಾನದ ಪ್ರಶ್ನೆ.

ನಾನು ಅಂಕೋಲೆಯವಳು, ಮನೆ ಕೋಡಿಬಾಗದಲ್ಲಿ, ಕೆಲಸ ಕಾರವಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದು. ಕಪ್ಪುಹಲಗೆಯ ಮೇಲೆ ಮೀನು ಬಿಡಿಸಿ ಬಿಡಿಸಿ ಬೇಸರ ಬಂದು, ಒಂದು ವರ್ಷ ವಾರಕ್ಕೊಂದು ತರಗತಿಯನ್ನು ಕಡಲತಡಿಗೇ ಒಯ್ದೆ. ತಾಂಡೇಲ ಎಂದರೆ ನಮ್ಮ ಕಡೆ ದೋಣಿ ನಡೆಸುವ ಮುಂದಾಳು; ಅಲ್ಲಿ ಪಾಂಡು ತಾಂಡೇಲರ ಗುಂಪು ಯೆಂಡಿ ಎಳೆಯುತ್ತದೆ. ಯೆಂಡಿ ಎಂದರೆ ಹಳೆಯ ರಂಪಣಿ ಬಲೆಯ ತಮ್ಮನೆನ್ನಿ. ಬಲೆಯನ್ನು ದೋಣಿಯಲ್ಲಿ ಒಯ್ದು ಸುತ್ತು ಹಾಕಿ ಬಿಟ್ಟು ಬರುತ್ತಾರೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಗುಂಪು ನಿಂತು ಎಳೆಯುತ್ತದೆ. ಅಲ್ಲಿಯ ಪದ್ಧತಿ ಒಂದೇ: ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಮೊದಲಿನಿಂದ ಎಳೆದವನಿಗೂ ಪಾಲು, ಕೊನೆಗೆ ಓಡಿಬಂದು ಕೈಯಿಟ್ಟವನಿಗೂ ಪಾಲು. ದೋಣಿಗೆ ಒಂದು ಪಾಲು, ಬಲೆಗೆ ಒಂದು ಪಾಲು. ನನ್ನ ವಿದ್ಯಾರ್ಥಿಗಳೂ ಎಳೆದರು, ಪಾಲು ಪಡೆದರು, ಪಾಲನ್ನು ಚೀಲಕ್ಕೆ ತುಂಬಿಕೊಂಡು ನೇರ ಲೈಬ್ರರಿಗೆ ಹೋಗಿ ಕೂತರು.

ಪ್ರಿನ್ಸಿಪಾಲರು ಘಟ್ಟದ ಮೇಲಿನವರು, ಶುದ್ಧ ಸಸ್ಯಾಹಾರಿ.

"ಮೇಡಂ, ನಿಮ್ಮ ಕಡಲ ಕ್ಲಾಸು ಭಾರೀ ಚೊಲೋದಿರಬಹುದು" ಎಂದರು. "ಆದ್ರೆ ಲೈಬ್ರರಿ ಮೀನುಪೇಟೆ ಆಗೋಯ್ತು. ಮುಂದಿನ ವರ್ಷದಿಂದ ಬೋರ್ಡಿನ ಮೇಲೇ ಮಾಡಿ."

ನಾನು ವಾದಿಸಿದೆ. ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು: "ಹೊರದೇಶದವರು ಯಾರಾದ್ರೂ ಒಪ್ಪಿ ಕೂಡಿಕೊಂಡ್ರೆ, ಆಗ ನೋಡೋಣ."

ಹೊರದೇಶದವರು ಕಾರವಾರದ ಪ್ರಿನ್ಸಿಪಾಲರ ಮೂಗಿನ ಸಮಾಧಾನಕ್ಕೆ ಎಲ್ಲಿಂದ ಬರಬೇಕು? ಆದರೆ ಬಂದರು. ಸ್ಕಾಟ್ಲೆಂಡಿನ ಕಡಲೂರೊಂದರ ವಿಶ್ವವಿದ್ಯಾಲಯದಿಂದ ಇ-ಮೇಲ್ ಬಂತು. ಪಾಠವನ್ನು ಅಧ್ಯಾಪಕರೊಬ್ಬರೇ ರೂಪಿಸುವ ಕಾಲ ಮುಗಿಯಿತು, ವಿದ್ಯಾರ್ಥಿಯೂ ಊರಿನವರೂ ಕೂಡಿ ರೂಪಿಸಬೇಕು, ಅದಕ್ಕೊಂದು ಕಮ್ಮಟವಿದೆ, ಒಬ್ಬ ವಿದ್ಯಾರ್ಥಿ, ಊರಿನ ಒಬ್ಬ ಜೊತೆಗಾರರೊಂದಿಗೆ ಬನ್ನಿ, ಯೋಜನೆ ಮೆಚ್ಚಿಗೆಯಾದರೆ ನಾವು ನಿಮ್ಮೊಡನೆ ಕೂಡಿಕೊಳ್ಳುತ್ತೇವೆ. ಓದಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ನಾನು ಮನಸಾರೆ ಮಾಡಿದ ಕೆಲಸವೆಂದರೆ ಆ ಕಡಲ ತರಗತಿ ಒಂದೇ. ಅದು ಉಳಿಯಬೇಕಿತ್ತು.

ವಿದ್ಯಾರ್ಥಿ ಯಾರೆಂದು ಯೋಚಿಸಬೇಕಾಗಲಿಲ್ಲ. ತೋಡೂರಿನ ಸುಜಾತಾ, ಕೊನೆಯ ವರ್ಷದವಳು, ಇಂಗ್ಲಿಷ್ ಚುರುಕು. ಅವಳಲ್ಲಿ ಒಂದೇ ಐಬು. ಯಾರು ಏನೆಂದರೂ ಒಂದಕ್ಷರ ನುಂಗದೆ ಇನ್ನೊಬ್ಬರಿಗೆ ದಾಟಿಸುವಳು. ಜೊತೆಗಾರರಾಗಿ ಪಾಂಡು ತಾಂಡೇಲರು. ಮಳೆಗಾಲವಾದ್ದರಿಂದ ಕಡಲು ಮುಚ್ಚಿತ್ತು, ಅವರಿಗೆ ಕೆಲಸವಿರಲಿಲ್ಲ. ಹಿಂದೊಮ್ಮೆ ದುಬೈಗೆ ಹೋಗಲೆಂದು ಮಾಡಿಸಿ ಹೋಗದೆ ಉಳಿದ ಪಾಸ್‌ಪೋರ್ಟ್ ಇತ್ತು. ಧೈರ್ಯ ಬೇಕಾದದ್ದಕ್ಕಿಂತ ಹೆಚ್ಚಿತ್ತು.

ಆಕಾಶ

ಜೀವಮಾನವೆಲ್ಲ ಅಲೆಯ ಮೇಲೆ ಕಳೆದ ತಾಂಡೇಲರಿಗೆ ವಿಮಾನದಲ್ಲಿ ವಾಂತಿ ಶುರುವಾಯಿತು. ಗೋವೆಯಲ್ಲಿ ಹತ್ತಿ, ಗೋವೆಯ ಗಡಿ ದಾಟುವ ಮೊದಲೇ ಸೀಟಿನ ಜೇಬಿನಲ್ಲಿದ್ದ ಕಾಗದದ ಚೀಲಗಳನ್ನೆಲ್ಲ ಮುಗಿಸಿ ನನ್ನದಕ್ಕೆ ಕೈಚಾಚಿದರು.

"ಅಕ್ಕೋರೆ, ಇದು ನನ್ನ ಹೊಟ್ಟೆ ತಪ್ಪಲ್ಲ" ಎಂದರು. ನಮ್ಮ ಕಡೆ ಶಾಲೆ ಕಾಲೇಜಿನ ಹೆಂಗಸರೆಲ್ಲ ಅಕ್ಕೋರೇ. "ಯಾವ ದೋಣಿಗೆ ಹೋದ್ರೂ ತಾಂಡೇಲ ಕಣ್ಣಿಗೆ ಕಾಣ್ತಾನೆ. ಇಲ್ಲಿ ಅಂವ ಬಾಗ್ಲು ಹಾಕ್ಕಂಡು ಒಳಗೆ ಕೂತಾನೆ. ಎಂತ ಮಾಡ್ತಾನೆ ಹೇಳಿ ಯಾರಿಗ್ಗೊತ್ತು? ಒಂದ್ಸಲ ಬಂದು ಮುಖ ತೋರ್ಸೂಕೆ ಹೇಳಿ."

ಸುಜಾತಾ ಇದನ್ನು ಗಗನಸಖಿಗೆ ಪೂರ್ತಿ ಇಂಗ್ಲಿಷಿನಲ್ಲಿ ದಾಟಿಸಿದಳು. ಗಗನಸಖಿ ನಕ್ಕು ಒಂದು ಲೋಟ ನೀರು ತಂದುಕೊಟ್ಟಳು. ತಾಂಡೇಲರು ಆ ನೀರನ್ನು ಅನುಮಾನದಿಂದ ನೋಡಿ ನನಗೆ ಕೊಟ್ಟರು.

ಮುಂಬೈಯಿಂದ ದೊಡ್ಡ ವಿಮಾನ. ಅದರಲ್ಲಿ ಅವರು ಹೊದಿಕೆ ತಲೆಗೆ ಹೊದ್ದು, ಇಳಿಯುವ ತನಕ ಮಾತಾಡಲಿಲ್ಲ. ಆ ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ವಿಶ್ರಾಂತಿ ಅಷ್ಟೇ.

ಆ ಊರು

ಆ ಊರಿನಲ್ಲೂ ಮಳೆ. ಆದರೆ ನಮ್ಮ ಆಷಾಢದ ಮಳೆಯಂತೆ ಎದುರಿಗೆ ಬಂದು ಹೊಡೆಯುವುದಿಲ್ಲ. ಬರಲೋ ಬೇಡವೋ ಎನ್ನುತ್ತ ಹಿಂದಿನಿಂದ ಕಾಲರಿನೊಳಗೆ ಇಳಿಯುತ್ತದೆ. ಒಂದು ಚಣ ಬಿಸಿಲು ಕಂಡರೆ ಸಾಕು, ಜನ ಅರ್ಧ ಬಟ್ಟೆ ಕಳಚಿ ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತಾರೆ. ನಮ್ಮಲ್ಲಿ ಹಾಗೆ ಒಣಗಲು ಹಾಕುವುದು ಮೀನನ್ನು ಮಾತ್ರ.

ಬಸ್ಸಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಬರುವಷ್ಟರಲ್ಲಿ ಪಕ್ಕದವಳ ಸೊಸೆಯ ಗುಣ, ಮಗನ ಸಂಬಳ, ಮಂಡಿನೋವಿನ ಔಷಧಿ ಎಲ್ಲ ತಿಳಿದುಕೊಂಡು ಇಳಿಯುವವಳು ನಾನು. ಇಲ್ಲಿ ಜನ ಮಾತಾಡುವುದು ನಾಯಿಗಳೊಡನೆ. ನಾಯಿಗೆ ನಮಸ್ಕಾರ ಹೇಳಿ, ಅದರ ಆರೋಗ್ಯ ವಿಚಾರಿಸಿ, ಹಗ್ಗ ಹಿಡಿದವರನ್ನು ನೋಡದೆ ಮುಂದೆ ಹೋಗುತ್ತಾರೆ. ಇನ್ನು ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ತಾಂಡೇಲರಿಗೆ ಇದನ್ನು ನಂಬುವುದಾಗಲಿಲ್ಲ. ಪರೀಕ್ಷಿಸಲೆಂದು ಅಂಗಡಿಯ ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕನ ಬೂಟನ್ನು ಬೇಕೆಂದೇ ತುಳಿದರು. ಮುದುಕ ಕ್ಷಮೆ ಕೇಳಿದ.

"ಭಾರೀ ಒಳ್ಳೆ ಜನ" ಎಂದು ತಾಂಡೇಲರು ಒಪ್ಪಿಕೊಂಡರು.

ಹೊಸ ಕಡಲಿಗೆ ಬರಿಗೈಯಲ್ಲಿ ಹೋಗಬಾರದೆಂದು ಅವರು ಕಾರವಾರದಿಂದಲೇ ಒಂದು ತೆಂಗಿನಕಾಯಿ ತಂದಿದ್ದರು. ಸಂಜೆ ಮೂವರೂ ದಡಕ್ಕೆ ಹೋದೆವು. ಅವರು ಕಣ್ಣು ಮುಚ್ಚಿ, ಕೈಮುಗಿದು, ಕಾಯಿಯನ್ನು ದೂರಕ್ಕೆ ಎಸೆದರು. ಕಣ್ಣು ತೆರೆಯುವಷ್ಟರಲ್ಲಿ ಎಲ್ಲಿಂದಲೋ ಒಂದು ಕರಿ ನಾಯಿ ನೀರಿಗೆ ಹಾರಿ, ಕಾಯಿಯ ಜುಟ್ಟು ಕಚ್ಚಿ ತಂದು, ಅವರ ಪಾದದ ಬುಡದಲ್ಲಿಟ್ಟು ಬಾಲ ಅಲ್ಲಾಡಿಸಿತು. ಮತ್ತೆ ಎಸೆದರು. ಮತ್ತೆ ತಂದಿತು. ದೂರದಿಂದ ಅದರ ಯಜಮಾನಿ ನಮ್ಮತ್ತ ಕೈಬೀಸಿ ಧನ್ಯವಾದ ಹೇಳಿದಳು.

ತಾಂಡೇಲರ ಮುಖ ಸಣ್ಣದಾಯಿತು. "ಕಡ್ಲು ಕಾಯಿ ತಕಳ್ಳಲಿಲ್ಲ ಅಕ್ಕೋರೆ. ಈ ಕಡ್ಲಿಗೆ ಎಂತದೋ ಆಗದೆ."

ಚೀಟಿಗಳ ಕೋಣೆ

ಕಮ್ಮಟ ನಡೆಸಿದವರು ವಿಭಾಗದ ಮುಖ್ಯಸ್ಥರಾದ ಡೊನಾಲ್ಡ್. ಆನೆಯಂಥ ಆಳು, ಕೆಂಪು ಗಡ್ಡ, ಬಾಗಿಲಲ್ಲಿ ನಿಂತರೆ ಕೋಣೆಗೆ ಕತ್ತಲೆ. ಅಂಥ ಮನುಷ್ಯ ಗುಲಾಬಿ, ಹಳದಿ, ಹಸಿರು ಬಣ್ಣದ ಪುಟ್ಟ ಪುಟ್ಟ ಅಂಟುಚೀಟಿಗಳನ್ನು ಬೆರಳತುದಿಯಲ್ಲಿ ಹಿಡಿದು ಎಲ್ಲರಿಗೂ ಪ್ರಸಾದದಂತೆ ಹಂಚಿದರು. ಮನಸ್ಸಿಗೆ ಬಂದದ್ದನ್ನು ಬರೆದು ಗೋಡೆಗೆ ಅಂಟಿಸಿ, ಇಲ್ಲಿ ತಪ್ಪು ಉತ್ತರವೇ ಇಲ್ಲ, ಎಂದರು.

"ತಪ್ಪೇ ಇಲ್ಲಾಂದ್ರೆ ಪರೀಕ್ಷೆ ಎಂತಕ್ಕೆ?" ಎಂದು ತಾಂಡೇಲರು ಕೇಳಿದರು. ಸುಜಾತಾ ದಾಟಿಸಿದಳು. ಡೊನಾಲ್ಡ್ ಅದನ್ನೇ ಒಂದು ಹಳದಿ ಚೀಟಿಯಲ್ಲಿ ಬರೆದು ಗೋಡೆಯ ನಡುಮಧ್ಯೆ ಅಂಟಿಸಿದರು.

ನಾನು ಮನೆಯಿಂದಲೇ ಪಾಠದ ಯೋಜನೆಯನ್ನು ಅಚ್ಚುಕಟ್ಟಾಗಿ ಟೈಪು ಮಾಡಿಸಿ ತಂದಿದ್ದೆ. ಉಳಿದಿಬ್ಬರು ತಲೆಯಾಡಿಸಿದರೆ ಸಾಕಿತ್ತು. ಆದರೆ ಸುಜಾತಾ ಹಸಿರು ಚೀಟಿಯೊಂದನ್ನು ತಂದು ನನ್ನ ವೇಳಾಪಟ್ಟಿಯ ಮೇಲೇ ಅಂಟಿಸಿದಳು.

"ಮೇಡಂ, ಗುರುವಾರ ಎರಡು ಗಂಟೆ ಹೇಳಿ ಬರ್ದಿದ್ರಿ. ಎರಡು ಗಂಟೆಗೆ ಯೆಂಡಿ ಎಳೆಯೂದಿಲ್ಲ. ಹೋದ ವರ್ಷ ಅರ್ಧ ದಿನ ನಾವು ಸುಮ್ನೆ ಮರಳು ನೋಡಿ ಬಂದ್ವಿ."

"ಕಾಲೇಜಿಗೆ ಬೆಲ್ಲು ಅಂತ ಒಂದಿದೆ ಸುಜಾತಾ" ಎಂದೆ ಸಿಟ್ಟಿನಿಂದ.

"ಬಲೆಗೆ ಬೆಲ್ಲು ಕೇಳೂದಿಲ್ಲ ಮೇಡಂ."

ಅಷ್ಟರಲ್ಲಿ ತಾಂಡೇಲರು ಅಂಕದ ಪುಟಕ್ಕೆ ಬೆರಳಿಟ್ಟರು. ಅದರಲ್ಲಿ ಏನಿದೆ ಎಂದು ಸುಜಾತಾಳಿಂದ ಓದಿಸಿಕೊಂಡು ಹೇಳಿದರು: "ಇದು ನಡೆಯೂದಿಲ್ಲ. ಹಗ್ಗ ಹಿಡ್ದವ್ರಿಗೆಲ್ಲ ಸಮ ಮಾರ್ಕು. ಬಲೆಗೊಂದು ಪಾಲು ಮಾರ್ಕು, ದೋಣಿಗೊಂದು ಪಾಲು."

"ಸೋಮಾರಿ ಒಬ್ಬ ಬಂದು ಸುಮ್ಮನೆ ಹಗ್ಗ ಮುಟ್ಟಿ ನಿಂತರೆ? ಅವನಿಗೂ ಮಾರ್ಕೇ?"

"ಅಂವಂಗೂ. ಇವತ್ತು ಪಾಲು ಕೊಡದಿದ್ರೆ ಅಂವ ನಾಳೆ ಬರೂದಿಲ್ಲ. ನಾಳೆ ಮೀನು ಹೆಚ್ಚು ಬಿದ್ರೆ ಎಳೆಯೂರು ಯಾರು? ನೀವಾ?"

ನಾವು ಮೂವರು ಜಗಳವಾಡುತ್ತಿದ್ದ ಮೇಜಿನ ಬಳಿ ಬಂದು ಡೊನಾಲ್ಡ್ ಮಂಡಿಯೂರಿ ಕೂತರು. ಸುಜಾತಾ ಜಗಳವನ್ನೂ ಬಿಡದೆ ದಾಟಿಸಿದಳು. ನಾನು ಕನ್ನಡದಲ್ಲಿ ಗೊಣಗಿದ್ದೂ ಅದರಲ್ಲಿ ಸೇರಿತ್ತು. ಅವರು ಗಂಭೀರವಾಗಿ ಕೇಳಿದ ಪ್ರಶ್ನೆ ಒಂದೇ: ಬಲೆಗೆ ಬಂದ ಅಂಕವನ್ನು ಏನು ಮಾಡುತ್ತೀರಿ?

"ಹರಿದಾಗ ಹೊಲಿಯೂಕೆ" ಎಂದರು ತಾಂಡೇಲರು.

ಡೊನಾಲ್ಡ್ ಅದನ್ನೂ ಬರೆದುಕೊಂಡರು. ವಿದ್ಯಾರ್ಥಿಗಳು ಯಾರಾದರೂ ಹಿಂದೆ ಬಿದ್ದಾಗ ಉಪಯೋಗಿಸಲು ಒಂದಿಷ್ಟು ಅಂಕ ಎಲ್ಲರ ಹೆಸರಲ್ಲಿ ಇಡುವುದು ಎಂದು ಅವರಿಗೆ ಅರ್ಥವಾಯಿತಂತೆ. ಬಲೆ ಹೊಲಿಯಲು ಮಾರ್ಕನ್ನು ಸೂಜಿಗೆ ಹೇಗೆ ಪೋಣಿಸುತ್ತಾರೆಂದು ನಾನು ಯೋಚಿಸುತ್ತಿದ್ದೆ. ನನ್ನ ಟೈಪು ಮಾಡಿದ ಹಾಳೆಗಳು ಚೀಟಿಗಳ ಕೆಳಗೆ ಎಲ್ಲಿ ಹೋದವೋ ಕಾಣಲಿಲ್ಲ.

ಮರಳಿನ ಮೇಲೆ ಹಗ್ಗ

ಶನಿವಾರ ರಜೆ. ಊರಿನ ಹಬ್ಬವಂತೆ, ದಡದಲ್ಲಿ ಡೇರೆಗಳು, ಬಾವುಟಗಳು, ಐಸ್‌ಕ್ರೀಮ್ ಗಾಡಿ. ನಾವು ಛತ್ರಿ ಹಿಡಿದು ನೋಡಲು ಹೋದೆವು. ಒಂದು ಡೇರೆಯ ಮಗ್ಗುಲಲ್ಲಿ ಮರಳಿನ ಮೇಲೆ ಕೆಲವು ಗಂಡಸರು ಸಾಲಾಗಿ ನಿಂತು, ಹಿಂದಕ್ಕೆ ಬಾಗಿ, ದಪ್ಪ ಹಗ್ಗ ಎಳೆಯುತ್ತಿದ್ದರು. ಸಾಲಿನ ಕೊನೆಯಲ್ಲಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ನಮಗೆ ಬೆನ್ನು ಹಾಕಿ ನಿಂತದ್ದು ನಮ್ಮ ಡೊನಾಲ್ಡ್. ಹಗ್ಗದ ಇನ್ನೊಂದು ತುದಿ ಡೇರೆಯ ಆಚೆಗೆ ಹೋಗಿತ್ತು. ಅದರಾಚೆ ಕಡಲು.

"ಯೆಂಡಿ!" ಎಂದರು ತಾಂಡೇಲರು. ಛತ್ರಿ ಬಿಸಾಡಿ ಓಡಿದರು.

ಹಗ್ಗ ಎಳೆಯುವಾಗ ನೋಡುತ್ತ ನಿಲ್ಲುವುದು ನಮ್ಮ ದಡದಲ್ಲಿ ಮರ್ಯಾದೆಯಲ್ಲ. ಸುಜಾತಾಳೂ ಓಡಿದಳು. ಒಂದು ವರ್ಷದ ಕಡಲ ತರಗತಿ ನನ್ನನ್ನೂ ಕೆಡಿಸಿತ್ತು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಹೋದೆ. ಡೊನಾಲ್ಡರ ಹಿಂದೆ ಉಳಿದಿದ್ದ ಹಗ್ಗದ ಬಾಲ ಹಿಡಿದು ತಾಂಡೇಲರು "ಐಲೇಸಾ" ಎಂದು ಕೂಗು ಹಾಕಿದರು. ನಾವಿಬ್ಬರೂ "ಐಲೇಸಾ" ಎಂದೆವು. ಮುಂದಿದ್ದವರಿಗೆ ಏನೆನ್ನಿಸಿತೋ, ಅವರೂ "ಐಲೇಸಾ" ಎಂದರು. ಎರಡು ಜಗ್ಗಿಗೆ ಹಗ್ಗ ಸರಸರ ಬಂತು. ಅದರ ಜೊತೆಗೆ ಡೇರೆಯ ಮರೆಯಿಂದ ಇನ್ನೊಂದು ಸಾಲು ಗಂಡಸರೂ ಬಂದರು, ಮುಖ ಕೆಳಗಾಗಿ, ಮರಳಿನ ಮೇಲೆ ಜಾರಿಕೊಂಡು.

ಅದು ಹಗ್ಗಜಗ್ಗಾಟ. ನೆಲ ಬಾಯಿಬಿಟ್ಟಿದ್ದರೆ ನಾನು ಆ ಕ್ಷಣವೇ ಇಳಿದುಹೋಗುತ್ತಿದ್ದೆ. ತೀರ್ಪುಗಾರ ಸೀಟಿ ಊದುತ್ತ ಓಡಿಬಂದ. ಮರಳು ತಿಂದವರು ಎದ್ದು ಬಾಯಿ ಒರೆಸಿಕೊಂಡು, ಎಂದಿನಂತೆ, ನಮ್ಮಲ್ಲಿ ಕ್ಷಮೆ ಕೇಳಿದರು.

ಆಟ ಮತ್ತೆ ಆಡಿಸಿದರು. ಡೊನಾಲ್ಡರ ತಂಡವೇ ಗೆದ್ದಿತು. ಬಹುಮಾನವೆಂದು ಮೀನಂಗಡಿಯವನು ಒಂದು ದೊಡ್ಡ ಸಾಲ್ಮನ್ ಮೀನನ್ನು ತಂದು ಡೊನಾಲ್ಡರ ಕೈಗಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಲಿಗಾಗಿ ಪದ್ಧತಿಯಂತೆ ಪಕ್ಕದಲ್ಲಿ ಕಾದು ನಿಂತಿದ್ದ ತಾಂಡೇಲರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಇಷ್ಟು ಜನ ಎಳ್ದು ಒಂದೇ ಮೀನಾ?" ಎಂದರು ಮೆಲ್ಲಗೆ.

"ಪಾಂಡಣ್ಣ, ಅದು ಹಗ್ಗಜಗ್ಗಾಟ. ಆಟ" ಎಂದೆ.

"ಆಟ ಆಗಸ್ಟ್ ಹದಿನೈದಕ್ಕೆ ಶಾಲೆ ಮಕ್ಳು ಆಡೂದು ಅಕ್ಕೋರೆ. ಗಡ್ಡ ಬಂದ ಪ್ರೊಫೆಸರು ಆಡ್ತಾರಾ? ಆಟ ಆದ್ರೆ ಮೀನು ಎಲ್ಲಿಂದ ಬಂತು?" ಮರಳು ಕೊಡವಿಕೊಳ್ಳುತ್ತಿದ್ದ ಸೋತವರತ್ತ ಕೈ ತೋರಿಸಿದರು. "ಇವ್ರಿಗೆ ಎಳೆಯೂಕೇ ಬರೂದಿಲ್ಲ. ಎರಡೂ ಗುಂಪು ಎದ್ರುಬದ್ರು ನಿಂತು ಎಳ್ದ್ರೆ ಬಲೆ ಬರೂದು ಹ್ಯಾಂಗೆ? ನಾಯಿ ಕಾಯಿ ತಂದಾಗ್ಲೇ ನಂಗೆ ಗೊತ್ತಾಗಿತ್ತು. ಪಾಪದ ಜನ."

ಡೊನಾಲ್ಡ್ ನಗುತ್ತ ಬಂದು ಮೀನಿನ ಒಂದು ತುಂಡು ನಿಮಗೂ ಎಂದರು. ತಾಂಡೇಲರು ಎರಡೂ ಕೈ ಎತ್ತಿ ಮುಗಿದರು. ಅವರು ಪಾಲು ಬೇಡವೆಂದದ್ದನ್ನು ಕಾರವಾರದಲ್ಲಿ ಯಾರೂ ಕಂಡಿಲ್ಲ.

ಕೊನೆಯ ದಿನ

ಕೊನೆಯ ದಿನ ನಮ್ಮ ಯೋಜನೆ ಹೇಳುವ ಸರದಿ. ನಾನು ಎದ್ದು ಹೇಳಿದೆ: ಬೆಲ್ಲಿನ ಬದಲು ಬಲೆಯ ಹೊತ್ತಿಗೆ ತರಗತಿ, ಹಗ್ಗ ಹಿಡಿದವರಿಗೆ ಪಾಲು, ಬಲೆಗೆ ಅಂಕ. ಹೇಳುತ್ತ ಹೇಳುತ್ತ ನಾಚಿಕೆ ಹೋಗಿ ನನಗೇ ಅದು ಇಷ್ಟವಾಗತೊಡಗಿತು. ಗುರುವಾರ ಎರಡು ಗಂಟೆಗಿಂತ ಎಷ್ಟೋ ವಾಸಿ. ಡೊನಾಲ್ಡ್ ಎದ್ದು, ಮೆಚ್ಚಿದೆವು, ನಿಮ್ಮೊಡನೆ ಕೂಡಿಕೊಳ್ಳುತ್ತೇವೆ, ಸೂಕ್ಷ್ಮದರ್ಶಕಗಳನ್ನೂ ಒಂದು ಹೊಸ ಬಲೆಯನ್ನೂ ಕೊಡುತ್ತೇವೆ ಎಂದರು. ನನ್ನ ಕಣ್ಣು ತುಂಬಿ ಬಂತು. ಪ್ರಿನ್ಸಿಪಾಲರ ಮೂಗು ಕಣ್ಣ ಮುಂದೆ ಬಂತು. ಕಡಲ ತರಗತಿ ಉಳಿಯಿತು.

ಆಗ ತಾಂಡೇಲರು ಎದ್ದು ನಿಂತರು.

"ಸಾಹೇಬ್ರೆ, ನಮಗೆ ಎಂತದೂ ಬೇಡ" ಎಂದರು. "ನೀವು ಕೋಟು ಹಾಕ್ಕಂಡು ನಕ್ಕೊಂಡು ಇರ್ತ್ರಿ, ಆದ್ರೆ ನಾ ನಿಮ್ಮ ಬಲೆ ನೋಡಿದೆ. ಊರೆಲ್ಲ ಎಳ್ದು ಒಂದು ಮೀನು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೇಳೂ ಹಂಗೆ, ಅದ್ರಲ್ಲೂ ನಮಗೊಂದು ತುಂಡು ಕೊಡೂಕೆ ಬಂದ್ರಿ. ಅಂಥವ್ರ ಹತ್ರ ಬಲೆ ತಕಂಡ್ರೆ ಕಡ್ಲು ನಮ್ಮನ್ನ ಮಾಫಿ ಮಾಡೂದಿಲ್ಲ."

ನಾನು ಸುಜಾತಾಳ ತೋಳು ಚಿವುಟಿದೆ. "ಸ್ವಲ್ಪ ಕಡಿಮೆ ಮಾಡಿ ಹೇಳೇ" ಎಂದೆ. ಅವಳು ಜುಟ್ಟನ್ನೂ ಮಲ್ಲಿಗೆಯನ್ನೂ ಬಿಡದೆ ಇಂಗ್ಲಿಷಿಗೆ ತಂದಳು. ಕೊನೆಯಲ್ಲಿ, ಸ್ವಲ್ಪ ಕಡಿಮೆ ಮಾಡಿ ಹೇಳು ಎಂದು ಮೇಡಂ ಹೇಳುತ್ತಿದ್ದಾರೆ, ಎಂದೂ ಸೇರಿಸಿದಳು.

ಡೊನಾಲ್ಡರ ಮುಖ ಗಡ್ಡದ ಬಣ್ಣಕ್ಕೆ ತಿರುಗಿತು. ಮುಗಿಯಿತು ಎಂದುಕೊಂಡೆ. ಆಮೇಲೆ ಅವರ ಹೊಟ್ಟೆ ಅಲುಗಿತು, ಭುಜ ಅಲುಗಿತು, ಕುರ್ಚಿ ಅಲುಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಒಂದು ಸಣ್ಣ ಮಾತು ಹೇಳಿದರು: ಅವರ ಅಜ್ಜ ಇದೇ ಊರಿನ ಮೀನುಗಾರ, ಆಗ ಬಂದರಿನ ತುಂಬ ದೋಣಿಗಳು, ಈಗ ಆ ಸಾಲ್ಮನ್ನೂ ಎಲ್ಲೋ ಸಾಕಿದ್ದು, ಲಾರಿಯಲ್ಲಿ ಬಂದದ್ದು.

"ನಾ ಹೇಳ್ಲಿಲ್ವಾ?" ಎಂದರು ತಾಂಡೇಲರು ನನಗೆ. ಡೊನಾಲ್ಡರಿಗೆ ಹೇಳಿದರು: "ಚಳಿಗಾಲಕ್ಕೆ ನಮ್ಮ ಊರಿಗೆ ಬನ್ನಿ. ನಮ್ಮ ಹಗ್ಗ ಹಿಡೀರಿ. ಹೊಟ್ಟೆ ತುಂಬ ಪಾಲು ಕೊಡ್ತೆ."

ಡೊನಾಲ್ಡ್ ಕೈಕೊಟ್ಟರು. ಹೀಗೆ ಸೂಕ್ಷ್ಮದರ್ಶಕ ಕೊಡಲು ಬಂದವರನ್ನು ಊಟಕ್ಕೆ ಕರೆದು, ಕೂಡಿಕೊಳ್ಳುವುದಕ್ಕೆ ಒಂದು ಕಾಗದವನ್ನೂ ಬರೆಸಿಕೊಳ್ಳದೆ, ನಾವು ಬರಿಗೈಯಲ್ಲಿ ಹೊರಟೆವು. ವಾಪಸು ಬರುವಾಗ ವಿಮಾನದಲ್ಲಿ ನಾನು ತಾಂಡೇಲರಿಗೆ ನನ್ನ ಕಾಗದದ ಚೀಲ ಕೊಡಲಿಲ್ಲ.

ಕಾರವಾರದ ಕಡಲು

"ಕೂಡಿಕೊಂಡ್ರಾ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಬರ್ತಾರೆ ಸರ್, ಹಗ್ಗ ಎಳೆಯೋದಕ್ಕೆ" ಎಂದೆ. ಬರದಿದ್ದರೆ ಬೋರ್ಡು ಎಂದರು.

ಡೊನಾಲ್ಡ್ ಮಾತಿಗೆ ತಪ್ಪಲಿಲ್ಲ. ಜನವರಿಯಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ಬಂದಿಳಿದರು. ದಡದಲ್ಲಿ ಜಾತ್ರೆಯಷ್ಟು ಜನ. ಪ್ರಿನ್ಸಿಪಾಲರು ಬಿಳಿ ಪ್ಯಾಂಟು, ಬಿಳಿ ಅಂಗಿಯಲ್ಲಿ ಫೋಟೋದವನೊಂದಿಗೆ ಬಂದರು. ಹೊರದೇಶದವರೊಡನೆ ಹಗ್ಗ ಹಿಡಿದಂತೆ ಒಂದು ಫೋಟೋ ಬೇಕೆಂದರು, ಹಿಡಿದರು, ಫೋಟೋ ಆಯಿತು. ತಾಂಡೇಲರು ಅವರನ್ನೂ ಅವರ ಕೈಯನ್ನೂ ಒಮ್ಮೆ ನೋಡಿಕೊಂಡರು.

ಸುಜಾತಾ ಕೂಗು ಹಾಕಿದಳು. ಡೊನಾಲ್ಡ್ ಸೊಂಟಕ್ಕೆ ಹಗ್ಗ ಸುತ್ತಿ ಎಳೆದರು. ಎರಡು ಗುಂಪುಗಳೂ ಹತ್ತಿರ ಹತ್ತಿರ ಬಂದವು, ಬಲೆಯ ಹೊಟ್ಟೆ ಮರಳಿಗೆ ಹತ್ತಿತು, ಎಲ್ಲರೂ ಬಗ್ಗಿ ನೋಡಿದೆವು. ಒಂದು ರಾಶಿ ಜೆಲ್ಲಿಮೀನು. ಪ್ಲಾಸ್ಟಿಕ್ ಚೀಲಗಳು. ಯಾರದೋ ಎಡಗಾಲಿನ ಚಪ್ಪಲಿ. ಅವುಗಳ ನಡುವೆ ಒಂದು ಬಂಗಡೆ. ಸಾಲ್ಮನ್ನಿನ ಮುಂದೆ ಅದು ಮೊಮ್ಮಗುವಿನಂತಿತ್ತು.

ಡೊನಾಲ್ಡ್ ಸುಜಾತಾಳತ್ತ ಬಗ್ಗಿ ಏನೋ ಹೇಳಿದರು.

"ಮಾಮಾ" ಎಂದಳು ಅವಳು ತಾಂಡೇಲರಿಗೆ. "ನೀವು ಪಾಪದ ಜನ, ನಮಗೆ ಪಾಲು ಬೇಡ, ಹೇಳ್ತ್ರು."

ತಾಂಡೇಲರು ಆ ಬಂಗಡೆಯನ್ನು ಎತ್ತಿ, ಕಡಲಿನ ನೀರಿನಲ್ಲಿ ತೊಳೆದು, ತಲೆಯೆತ್ತಿ ಎಲ್ಲರನ್ನೂ ನೋಡಿದರು. "ಬೇಡ ಹೇಳೂಕಾಗೂದಿಲ್ಲ" ಎಂದರು. "ಹಗ್ಗ ಮುಟ್ಟಿದ್ಮೇಲೆ ಪಾಲು ತಕಳ್ಳೇಬೇಕು. ಅಕ್ಕೋರೆ, ನಿಮ್ಮನೇಲಿ ದೊಡ್ಡ ಪಾತ್ರೆ ಅದ್ಯಾ?"

ಕೋಡಿಬಾಗದ ನನ್ನ ಮನೆಯಲ್ಲಿ ಇದ್ದ ತೆಂಗಿನಕಾಯಿಯೆಲ್ಲ ಆ ಒಂದು ಬಂಗಡೆಗೆ ಸಂದಿತು. ಪಾತ್ರೆಯ ತುಂಬ ಸಾರು. ಡೊನಾಲ್ಡ್ ಅಂಗಳದಲ್ಲಿ ಕೂತು ಅನ್ನದ ಮೇಲೆ ಹಾಕಿಸಿಕೊಂಡು, ಮೀನು ಎಲ್ಲಿದೆಯೆಂದು ಮರ್ಯಾದೆಗಾಗಿ ಕೇಳಲಿಲ್ಲ. ಮೀನಿನ ಬಾಲ ಸಾರಿಗೆ ಬಿದ್ದಿರಲಿಲ್ಲ. ತಾಂಡೇಲರು ಅದನ್ನು ದಡದಲ್ಲೇ ಕತ್ತರಿಸಿ, ಕಾಗದ ಸಿಗದೆ ಹಾಗೆಯೇ ಪ್ರಿನ್ಸಿಪಾಲರ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದ್ದರು. ಫೋಟೋದಲ್ಲಿ ಹಗ್ಗ ಹಿಡಿದವರು ಇಲ್ಲವೆನ್ನುವುದು ಹೇಗೆ? ಅಷ್ಟು ಜನರ ಎದುರಿಗೆ, ಹೊರದೇಶದವರ ಎದುರಿಗೆ, ಅವರು ಅದನ್ನು ಹಿಡಿದುಕೊಂಡೇ ಕಾರು ಹತ್ತಿದರು.

ಮಾರನೆಯ ದಿನ ನನಗೆ ಕರೆ ಬಂತು. ಮೇಜಿನ ಮೇಲೆ ನಮ್ಮ ಯೋಜನೆಯ ಹಾಳೆ, ಬಲೆಯ ಅಂಕದವರೆಗೂ ಎಲ್ಲ ಇದ್ದದ್ದು. ಹೊರದೇಶದವರು ಬಂದು ಹಗ್ಗ ಹಿಡಿದಾಗಿತ್ತಲ್ಲ, ಪ್ರಿನ್ಸಿಪಾಲರು ಸಹಿ ಹಾಕಿ, ಬಲಗೈಯನ್ನು ಮೂಗಿನಿಂದ ಆದಷ್ಟು ದೂರ ಹಿಡಿದು ಕೂತರು.

"ನಿನ್ನೆಯಿಂದ ಸಾಬೂನು, ನಿಂಬೆಹಣ್ಣು, ಸೀಗೆಪುಡಿ ಎಲ್ಲ ಹಚ್ಚಿದೆ ಮೇಡಂ" ಎಂದರು. "ವಾಸನೆ ಹೋಗ್ತಾನೇ ಇಲ್ಲ."

"ಪಾಲು ಸರ್" ಎಂದೆ. "ಹಾಗೆಲ್ಲ ಹೋಗೋದಿಲ್ಲ."